ಸಿಸೇರಿಯನ್ ಹೆರಿಗೆ: ಕಾರಣಗಳು ಬದಲಾಗುತ್ತ ಬಂದ ಬಗೆ

ಕಳೆದ ವರ್ಷ ಏಳನೇ ತರಗತಿಯ ಮಕ್ಕಳಿಗೆ ಒಂದು ಮನೆಗೆಲಸ ಕೊಟ್ಟಿದ್ದೆ. ಇತಿಹಾಸವೆಂದರೆ ರಾಜರ ಹೆಸರು, ಯುದ್ಧದ ಇಸವಿ ಮಾತ್ರವಲ್ಲ, ನಮ್ಮ ನಮ್ಮ ಮನೆಗಳಿಗೂ ಒಂದು ಇತಿಹಾಸವಿದೆ ಎಂದು ಮಕ್ಕಳಿಗೆ ತೋರಿಸುವುದು ನನ್ನ ಉದ್ದೇಶವಾಗಿತ್ತು. ಅಜ್ಜಿ, ತಾಯಿ ಮತ್ತು ನೀವು ಎಲ್ಲೆಲ್ಲಿ ಹುಟ್ಟಿದಿರಿ, ಹೆರಿಗೆ ಮಾಡಿಸಿದವರು ಯಾರು ಎಂದು ಮನೆಯಲ್ಲಿ ಕೇಳಿ ಮೂರು ಕಾಲಂಗಳಲ್ಲಿ ಬರೆದುಕೊಂಡು ಬನ್ನಿ ಎಂದಿದ್ದೆ. ನಮ್ಮ ರಾಮಗಿರಿ ಹೋಬಳಿಯ ಮಕ್ಕಳು ಬರೆದು ತಂದ ಹಾಳೆಗಳನ್ನು ಓದುತ್ತ ಹೋದಂತೆ ಒಂದು ಸಂಗತಿ ಎದ್ದು ಕಂಡಿತು. ಅಜ್ಜಿಯರ ಕಾಲಂನಲ್ಲಿ ಬಹುಮಟ್ಟಿಗೆ ಒಂದೇ ಉತ್ತರ: ಮನೆಯಲ್ಲಿ, ಸೂಲಗಿತ್ತಿ. ತಾಯಂದಿರ ಕಾಲಂನಲ್ಲಿ ಮನೆಯೂ ಸರ್ಕಾರಿ ಆಸ್ಪತ್ರೆಯೂ ಬೆರೆತಿದ್ದವು. ಮಕ್ಕಳ ಕಾಲಂಗೆ ಬಂದರೆ ಎಲ್ಲರದೂ ಆಸ್ಪತ್ರೆಯೇ. ಅದರಲ್ಲೂ ಬಹಳ ಮಕ್ಕಳ ಹೆಸರಿನ ಮುಂದೆ "ಆಪರೇಷನ್" ಎಂದಿತ್ತು.

ಆಪರೇಷನ್ ಏಕಾಯಿತು ಎಂದು ನಾನು ಕೇಳಿರಲಿಲ್ಲ. ಆದರೂ ಕೆಲವು ಮಕ್ಕಳು ತಾಯಿಯ ಬಾಯಿಂದ ಬಂದ ಮಾತನ್ನು ಹಾಗೆಯೇ ಬರೆದಿದ್ದರು. ನೀರು ಕಡಿಮೆಯಾಗಿತ್ತು. ಕೊರಳಿಗೆ ಕರುಳು ಸುತ್ತಿಕೊಂಡಿತ್ತು. ಮಗು ದಪ್ಪ ಇತ್ತು. ಡೇಟ್ ಮುಗಿದು ಹೋಗಿತ್ತು. ಅಣ್ಣ ಆಪರೇಷನ್, ಅದಕ್ಕೇ ನಾನೂ ಆಪರೇಷನ್. ಒಬ್ಬ ಹುಡುಗ "ಡಾಕ್ಟರ್ ಹೇಳಿದರು" ಎಂದಷ್ಟೇ ಬರೆದಿದ್ದ. ಆ ಹಾಳೆಗಳನ್ನು ತಿದ್ದುವುದಕ್ಕೆ ನನ್ನ ಕೈ ಬರಲಿಲ್ಲ. ಏಕೆಂದರೆ ನನ್ನ ಎರಡು ಹೆರಿಗೆಗಳ ಬಗ್ಗೆ ಯಾರಾದರೂ ಕೇಳಿದ್ದರೆ ಬಿ.ಎಡ್. ಮಾಡಿದ ನಾನು ಕೊಡುತ್ತಿದ್ದ ಉತ್ತರವೂ ಇದಕ್ಕಿಂತ ಹೆಚ್ಚಿನದಾಗಿರುತ್ತಿರಲಿಲ್ಲ. ಆ ನಾಚಿಕೆಯಿಂದಲೇ ಈ ವಿಷಯವನ್ನು ಓದತೊಡಗಿದೆ. ನಾನು ವೈದ್ಯಳಲ್ಲ, ಭಾಷಾ ಶಿಕ್ಷಕಿ. ಆದುದರಿಂದ ಇಲ್ಲಿ ವೈದ್ಯ ಸಲಹೆ ಇಲ್ಲ. ಹೊಟ್ಟೆ ಕೊಯ್ದು ಮಗುವನ್ನು ತೆಗೆಯಲು ಮನುಷ್ಯರು ಕಾಲಕಾಲಕ್ಕೆ ಕೊಟ್ಟುಕೊಂಡ ಕಾರಣಗಳ ಇತಿಹಾಸ ಮಾತ್ರ ಇದೆ.

ಮೊದಲಿಗೆ ಹೆಸರಿನ ವಿಷಯ. ರೋಮಿನ ಜೂಲಿಯಸ್ ಸೀಸರ್ ಹೀಗೆ ಹುಟ್ಟಿದ್ದರಿಂದ ಸಿಸೇರಿಯನ್ ಎಂಬ ಹೆಸರು ಬಂತೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ, ನಾನೂ ಮಕ್ಕಳಿಗೆ ಹಾಗೆಯೇ ಹೇಳಿದ್ದೇನೆ. ಅದು ಸರಿಯಲ್ಲ. ಸೀಸರನ ತಾಯಿ ಅರೇಲಿಯಾ ಮಗ ದೊಡ್ಡವನಾಗಿ ಸೇನಾಪತಿಯಾಗಿ ಗಾಲ್ ದೇಶದಲ್ಲಿ ಯುದ್ಧ ಮಾಡುವವರೆಗೂ ಬದುಕಿದ್ದಳು. ಆ ಕಾಲದಲ್ಲಿ ಹೊಟ್ಟೆ ಕೊಯ್ಯಿಸಿಕೊಂಡ ಹೆಂಗಸು ಬದುಕುವ ಮಾತೇ ಇರಲಿಲ್ಲ. ಲ್ಯಾಟಿನ್ ಭಾಷೆಯಲ್ಲಿ ಕೊಯ್ಯುವುದು ಎಂಬ ಅರ್ಥದ ಕ್ರಿಯಾಪದದಿಂದ ಈ ಹೆಸರು ಬಂದಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. ಗರ್ಭಿಣಿ ಸತ್ತರೆ ಹೊಟ್ಟೆ ಸೀಳಿ ಮಗುವನ್ನು ತೆಗೆಯದೆ ಹೂಳಬಾರದೆಂದು ರೋಮಿನಲ್ಲಿ ಹಳೆಯ ಕಾನೂನೇ ಇತ್ತು. ನಮ್ಮ ಸುಶ್ರುತ ಸಂಹಿತೆಯೂ ಅದನ್ನೇ ಹೇಳುತ್ತದೆ: ಗರ್ಭಿಣಿ ತೀರಿಕೊಂಡು, ಹೊಟ್ಟೆಯೊಳಗೆ ಮಗು ಇನ್ನೂ ಮಿಸುಕಾಡುತ್ತಿದ್ದರೆ ವೈದ್ಯನು ತಡಮಾಡದೆ ಸೀಳಿ ಹೊರತೆಗೆಯಬೇಕು. ಅಂದರೆ ಮೊಟ್ಟಮೊದಲ ಕಾರಣ ತಾಯಿಯ ಸಾವು. ತಾಯಿಯನ್ನು ಉಳಿಸುವುದಕ್ಕೆಂದು ಈ ಕೆಲಸ ಆರಂಭವಾಗಲೇ ಇಲ್ಲ.

ಇಂಥ ಕಥೆಗೆ ನಮ್ಮ ಜಿಲ್ಲೆಯ ನೆಲದೊಂದಿಗೂ ದೂರದ ನಂಟಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ 1892ರಲ್ಲಿ ಬಿ.ಎಲ್. ರೈಸ್ ಅವರು ಪತ್ತೆಹಚ್ಚಿದ ಅಶೋಕನ ಶಾಸನಗಳನ್ನು ನಮ್ಮ ಮಕ್ಕಳು ಪ್ರವಾಸ ಹೋಗಿ ನೋಡುತ್ತಾರೆ. ಆ ಅಶೋಕನ ತಂದೆ ಬಿಂದುಸಾರ. ಹನ್ನೆರಡನೇ ಶತಮಾನದ ಜೈನ ವಿದ್ವಾಂಸ ಹೇಮಚಂದ್ರರು ಬರೆದಿರುವ ಕಥೆಯ ಪ್ರಕಾರ, ಚಾಣಕ್ಯನು ಚಂದ್ರಗುಪ್ತನಿಗೆ ವಿಷ ತಾಗದಿರಲೆಂದು ದಿನವೂ ಊಟದಲ್ಲಿ ಸ್ವಲ್ಪ ಸ್ವಲ್ಪ ವಿಷ ಬೆರೆಸಿ ರೂಢಿ ಮಾಡಿಸುತ್ತಿದ್ದನಂತೆ. ಅದು ತಿಳಿಯದ ತುಂಬು ಗರ್ಭಿಣಿ ರಾಣಿ ಅದೇ ಊಟ ಮಾಡಿ ಸತ್ತಾಗ ಚಾಣಕ್ಯನು ಹೊಟ್ಟೆ ಸೀಳಿಸಿ ಮಗುವನ್ನು ಉಳಿಸಿದನಂತೆ. ವಿಷದ ಒಂದು ಬಿಂದು ತಲೆಗೆ ತಾಗಿದ್ದರಿಂದ ಮಗುವಿಗೆ ಬಿಂದುಸಾರ ಎಂದು ಹೆಸರಾಯಿತಂತೆ. ಇದು ಕಥೆಯೇ ಹೊರತು ಚರಿತ್ರೆಯಲ್ಲ. ಆದರೆ ಕಥೆ ಕಟ್ಟಿದವರ ಮನಸ್ಸಿನಲ್ಲಿ ಈ ಶಸ್ತ್ರಕ್ರಿಯೆಗೆ ಯಾವ ಕಾರಣ ಸಲ್ಲುತ್ತಿತ್ತು ಎಂಬುದನ್ನು ಅದು ತಿಳಿಸುತ್ತದೆ.

ಅರಬ್ಬೀ, ಫಾರ್ಸಿ ಗ್ರಂಥಗಳಲ್ಲೂ ಈ ವಿಷಯ ಬರುತ್ತದೆ. ಸತ್ತ ತಾಯಿಯ ಹೊಟ್ಟೆಯಿಂದ ಜೀವಂತ ಮಗುವನ್ನು ತೆಗೆಯಬಹುದೇ ಎಂಬುದು ನಮ್ಮ ಫಖೀಹರ ನಡುವೆ ಚರ್ಚೆಯಾದ ಪ್ರಶ್ನೆ. ಸ್ಪೇನಿನ ಇಬ್ನ್ ಹಜ್ಮ್ ತೆಗೆಯಲೇಬೇಕೆಂದು ಬರೆದರು, ಬೇರೆ ಅಭಿಪ್ರಾಯದವರೂ ಇದ್ದರು. ಅಲ್-ಬೀರೂನಿಯವರು ತಮ್ಮ 'ಅಲ್-ಆಸಾರುಲ್ ಬಾಖಿಯಾ' ಗ್ರಂಥದಲ್ಲಿ ರೋಮಿನ ಕೈಸರನು ಹೀಗೆ ಹುಟ್ಟಿದ ಪ್ರಸಂಗ ಹೇಳುತ್ತಾರೆ. ಆ ಗ್ರಂಥದ 1307ರ ಒಂದು ಹಸ್ತಪ್ರತಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿದೆ. ಅದರಲ್ಲಿ ಈ ಹೆರಿಗೆಯ ಬಣ್ಣದ ಚಿತ್ರವೂ ಇದೆ. ಉರ್ದು ಓದಿದವರಿಗೆ ರುಸ್ತುಮನ ಜನನದ ಕಥೆ ನೆನಪಾದೀತು. ಫಿರ್ದೌಸಿಯ ಶಾಹನಾಮಾದಲ್ಲಿ ರೂದಾಬೆಯ ಹೊಟ್ಟೆಯಲ್ಲಿದ್ದ ಮಗು ಮಿತಿಮೀರಿ ಬೆಳೆದು ಹೆರಿಗೆಯೇ ಆಗದಿದ್ದಾಗ, ಸೀಮುರ್ಗ್ ಪಕ್ಷಿ ಉಪಾಯ ಹೇಳಿಕೊಡುತ್ತದೆ: ಮದ್ಯ ಕುಡಿಸಿ ಅಮಲೇರಿಸಿ, ಪಕ್ಕೆ ಕೊಯ್ದು ಮಗು ತೆಗೆದು, ಹೊಲಿದು, ಗಿಡಮೂಲಿಕೆ ಅರೆದು ಹಚ್ಚಬೇಕು. ರೂದಾಬೆ ಬದುಕುತ್ತಾಳೆ. ಸಾವಿರ ವರ್ಷಗಳ ಹಿಂದೆ, ತಾಯಿಯೂ ಉಳಿಯಬೇಕು ಎಂಬ ಆಸೆ ಕಾವ್ಯದಲ್ಲಾದರೂ ಇತ್ತು. "ಮಗು ದಪ್ಪ ಇತ್ತು" ಎಂದು ನಮ್ಮ ಹುಡುಗಿ ಬರೆದು ತಂದ ಕಾರಣಕ್ಕೆ ಇಷ್ಟು ಹಿರಿಯ ವಂಶಾವಳಿ ಇದೆ ಎಂಬುದು ಅವಳಿಗೆ ಗೊತ್ತಿಲ್ಲ.

ಕಾವ್ಯದ ಹೊರಗೆ ಮಾತ್ರ ಸ್ಥಿತಿ ಬೇರೆಯೇ ಇತ್ತು. 1631ರಲ್ಲಿ ಬುರ್ಹಾನ್‌ಪುರದಲ್ಲಿ ಮುಮ್ತಾಜ್ ಮಹಲ್ ಹದಿನಾಲ್ಕನೆಯ ಹೆರಿಗೆಯಲ್ಲಿ ತೀರಿಕೊಂಡರು. ಹುಟ್ಟಿದ ಮಗಳು ಗೌಹರ್ ಆರಾ ಬದುಕಿ ಮುಪ್ಪಿನವರೆಗೂ ಬಾಳಿದರು. ಹಿಂದೂಸ್ತಾನದ ಬಾದಷಹನ ಹಕೀಮರ ಬಳಿಯೂ ಇದಕ್ಕೆ ಮದ್ದಿರಲಿಲ್ಲ. ಅರಬ್ಬೀ ಶಸ್ತ್ರವೈದ್ಯರಲ್ಲಿ ಅಗ್ರಗಣ್ಯರಾದ ಅಲ್-ಜಹ್ರಾವಿಯವರೂ ಹೊಟ್ಟೆಯಲ್ಲೇ ಸತ್ತ ಮಗುವನ್ನು ತಾಯಿಯನ್ನು ಉಳಿಸಲು ಹೊರತೆಗೆಯುವ ಉಪಕರಣಗಳನ್ನು ವರ್ಣಿಸಿದರೇ ವಿನಾ ಬದುಕಿರುವ ತಾಯಿಯ ಹೊಟ್ಟೆಗೆ ಕತ್ತಿ ಇಡಲಿಲ್ಲ. ಯುರೋಪಿನಲ್ಲೂ ಹತ್ತೊಂಬತ್ತನೇ ಶತಮಾನದ ತನಕ ಅದೇ ಪರಿಸ್ಥಿತಿ. ಅಪರೂಪಕ್ಕೊಮ್ಮೆ ಯಾರಾದರೂ ಧೈರ್ಯ ಮಾಡಿದರೆ ತಾಯಿ ರಕ್ತಸ್ರಾವದಿಂದಲೋ ನಂಜಿನಿಂದಲೋ ಸಾಯುತ್ತಿದ್ದುದೇ ಹೆಚ್ಚು.

ಇದಕ್ಕೆ ಅಪವಾದವಾದ ಎರಡು ಪ್ರಸಂಗಗಳನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1826ರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಬ್ರಿಟಿಷ್ ಸೈನ್ಯದ ವೈದ್ಯ ಜೇಮ್ಸ್ ಬ್ಯಾರಿ ಈ ಶಸ್ತ್ರಕ್ರಿಯೆ ಮಾಡಿ ತಾಯಿ ಮಗು ಇಬ್ಬರನ್ನೂ ಉಳಿಸಿದರು. ಮಗುವಿಗೆ ಅವರ ಹೆಸರನ್ನೇ ಇಟ್ಟರು. 1865ರಲ್ಲಿ ಬ್ಯಾರಿ ಸತ್ತಾಗ, ಜೀವಮಾನವಿಡೀ ಗಂಡಸಿನ ಉಡುಪಿನಲ್ಲಿ ಬದುಕಿದ ಈ ವೈದ್ಯ ಹುಟ್ಟಿನಿಂದ ಹೆಣ್ಣು ಎಂಬುದು ಹೊರಬಿತ್ತು. ಹೆಣ್ಣುಮಕ್ಕಳಿಗೆ ವೈದ್ಯ ಕಾಲೇಜಿನ ಬಾಗಿಲು ತೆರೆಯದಿದ್ದ ಕಾಲವದು. ನಮ್ಮ ವಿದ್ಯಾರ್ಥಿನಿಯರು ಇದನ್ನು ನೆನಪಿಟ್ಟುಕೊಳ್ಳಲಿ. ಇನ್ನೊಂದು ಪ್ರಸಂಗ 1879ರದು. ರಾಬರ್ಟ್ ಫೆಲ್ಕಿನ್ ಎಂಬ ಪ್ರವಾಸಿ ಆಫ್ರಿಕದ ಬುನ್ಯೋರೊ ಸೀಮೆಯಲ್ಲಿ (ಇಂದಿನ ಉಗಾಂಡ) ಸ್ಥಳೀಯ ವೈದ್ಯನೊಬ್ಬ ಬಾಳೆಹಣ್ಣಿನ ಮದ್ಯ ಕುಡಿಸಿ, ಅದರಲ್ಲೇ ಕೈ ತೊಳೆದು, ಹೊಟ್ಟೆ ಕೊಯ್ದು, ರಕ್ತ ನಿಲ್ಲಿಸಲು ಕಾದ ಕಬ್ಬಿಣ ಮುಟ್ಟಿಸಿ, ಬೇರಿನ ಲೇಪ ಹಚ್ಚಿದ್ದನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ತಾಯಿ ಮಗು ಇಬ್ಬರೂ ಚೇತರಿಸಿಕೊಂಡರು.

ವಿಜ್ಞಾನ ಬೆಳೆದಂತೆ ಕಾರಣವೂ ಬದಲಾಯಿತು. 1846-47ರಲ್ಲಿ ಈಥರ್, ಕ್ಲೋರೋಫಾರಂಗಳಿಂದ ನೋವು ತಪ್ಪಿತು. 1867ರಲ್ಲಿ ಲಿಸ್ಟರ್ ಅವರು ನಂಜು ತಡೆಯುವ ವಿಧಾನವನ್ನು ಪ್ರಕಟಿಸಿದರು. 1876ರಲ್ಲಿ ಇಟಲಿಯ ಪೋರೊ ಮಗು ತೆಗೆದ ಮೇಲೆ ಗರ್ಭಕೋಶವನ್ನೇ ತೆಗೆದುಹಾಕಿ ತಾಯಿಯನ್ನು ಉಳಿಸಿದರೆ, 1882ರಲ್ಲಿ ಜರ್ಮನಿಯ ಸ್ಯಾಂಗರ್ ಗರ್ಭಕೋಶವನ್ನು ಉಳಿಸಿಕೊಂಡು ಅದನ್ನು ಎಚ್ಚರಿಕೆಯಿಂದ ಹೊಲಿಯುವ ಕ್ರಮ ತೋರಿಸಿದರು. ಅದಕ್ಕೂ ಮೊದಲು ಗರ್ಭಕೋಶಕ್ಕೆ ಹೊಲಿಗೆಯನ್ನೇ ಹಾಕದೆ ಬಿಡುತ್ತಿದ್ದುದೇ ರೂಢಿಯಾಗಿತ್ತೆಂದು ಓದಿದಾಗ ನನಗೆ ಮೈ ನಡುಗಿತು. 1888ರಲ್ಲಿ ಗ್ಲಾಸ್ಗೋ ನಗರದಲ್ಲಿ ಮುರ್ಡೋಕ್ ಕ್ಯಾಮರಾನ್ ಎಂಬ ವೈದ್ಯರು ಹೊಸ ಕ್ರಮದಲ್ಲಿ ಈ ಶಸ್ತ್ರಕ್ರಿಯೆ ಮಾಡಿದ ಹೆಂಗಸು ರಿಕೆಟ್ಸ್ ರೋಗದಿಂದ ಮೂಳೆ ಬಾಗಿ ಕುಳ್ಳಾಗಿದ್ದವಳು. ತಾಯಿ ಮಗು ಇಬ್ಬರೂ ಬದುಕಿದರು. ಕಾರ್ಖಾನೆಯ ಹೊಗೆ ಸೂರ್ಯನನ್ನು ಮುಚ್ಚಿದ್ದ ಆ ನಗರದ ಬಡ ಹೆಣ್ಣುಮಕ್ಕಳಲ್ಲಿ ಬಿಸಿಲು, ಒಳ್ಳೆಯ ಆಹಾರ ಎರಡೂ ಇಲ್ಲದೆ ಸೊಂಟದ ಮೂಳೆಗಳು ಕಿರಿದಾಗಿ ಮಗು ಹೊರಬರುವ ದಾರಿಯೇ ಮುಚ್ಚಿಹೋಗುತ್ತಿತ್ತು. ಹೀಗೆ ಮೊದಲ ಬಾರಿಗೆ ಬದುಕಿರುವ ತಾಯಿಯ ಜೀವವೇ ಕಾರಣವಾಯಿತು.

ಇದೇ ಮೂಳೆಯ ರೋಗ ಹಿಂದೂಸ್ತಾನದಲ್ಲೂ ಇತ್ತು. ಕಾಶ್ಮೀರದಲ್ಲಿ ಕೆಲಸ ಮಾಡಿದ ವೈದ್ಯೆ ಕ್ಯಾಥ್ಲೀನ್ ವಾನ್ ಅವರು 1928ರಲ್ಲಿ ಪರದೆ ಮತ್ತು ತಾಯ್ತನದ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಬಿಸಿಲು ಬೀಳದ ಕೋಣೆಗಳಲ್ಲೇ ದಿನ ಕಳೆಯುತ್ತಿದ್ದ ಮನೆತನಸ್ಥ ಹೆಂಗಸರಿಗೆ ಮೂಳೆ ಮೆತ್ತಗಾಗಿ ಹೆರಿಗೆ ಕಟ್ಟಿಕೊಳ್ಳುತ್ತಿತ್ತು, ಆದರೆ ಬಿಸಿಲಿನಲ್ಲಿ ದೋಣಿ ನಡೆಸುವ ಬಡ ಹೆಂಗಸರಿಗೆ ಆ ತೊಂದರೆ ಬರುತ್ತಿರಲಿಲ್ಲ ಎಂದು ಅವರು ಕಂಡುಕೊಂಡರು. ಓದುಗರು ತಪ್ಪು ತಿಳಿಯಬಾರದು, ಇದು ನಮ್ಮವರ ಮೇಲೆ ಮಾತ್ರ ಬಂದ ಮಾತಲ್ಲ. ಉತ್ತರ ಭಾರತದಲ್ಲಿ ಪರದೆ ಪಾಲಿಸುತ್ತಿದ್ದ ಹಿಂದೂ ಮನೆತನಗಳಲ್ಲೂ ಈ ರೋಗ ಇತ್ತು. ತಲೆಯ ಮೇಲಿನ ಬಟ್ಟೆಯಿಂದ ಬಂದ ರೋಗವಲ್ಲ ಇದು. ಅಂಗಳವಿಲ್ಲದ ಮನೆ, ಹಾಲು ಕಾಣದ ತಟ್ಟೆ, ಆಟವಿಲ್ಲದ ಬಾಲ್ಯ ಇವುಗಳಿಂದ ಬಂದದ್ದು. ಹೆಣ್ಣುಮಕ್ಕಳನ್ನು ಆಟದ ಪಿರಿಯಡ್‌ನಲ್ಲಿ ಒಳಗೇ ಕೂರಿಸಿ ಎಂದು ಹೇಳುವ ಪೋಷಕರು ಈಗಲೂ ಇದ್ದಾರೆ. ಅವರಿಗೆ ನಾನು ಈ ಪುಸ್ತಕದ ವಿಷಯ ಹೇಳುವುದುಂಟು.

ನಮ್ಮ ಮೈಸೂರು ಸಂಸ್ಥಾನದ ಕಡೆ ಬಂದರೆ, ಮೈಸೂರಿನಲ್ಲಿ 1906ರಲ್ಲಿ ಮಿಷನ್‌ನವರ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಹೆಂಗಸರು ಮಕ್ಕಳಿಗಾಗಿ ಆರಂಭವಾಯಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ 1935ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ ತೆರೆಯಿತು. ಹಿರಿಯೂರಿನ ಮಾರಿಕಣಿವೆಯ ವಾಣಿವಿಲಾಸ ಸಾಗರಕ್ಕೂ ಆ ಆಸ್ಪತ್ರೆಗೂ ಒಬ್ಬರೇ ಮಹಾರಾಣಿಯವರ ಹೆಸರು. ಆದರೆ ಹೊಳಲ್ಕೆರೆ ಸೀಮೆಯ ಹಳ್ಳಿಯ ಹೆಂಗಸಿಗೆ ಬೆಂಗಳೂರು ಎಲ್ಲಿ? ದಾವಣಗೆರೆ 1997ರವರೆಗೆ ನಮ್ಮ ಜಿಲ್ಲೆಯಲ್ಲೇ ಇತ್ತು; ಅಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದದ್ದು 1965ರಲ್ಲಿ. ಅಲ್ಲಿಯವರೆಗೂ, ಅದಾದ ಮೇಲೂ ಎಷ್ಟೋ ವರ್ಷ, ಹಳ್ಳಿಗಳಲ್ಲಿ ಹೆರಿಗೆ ಎಂದರೆ ಸೂಲಗಿತ್ತಿಯೇ. ನಮ್ಮ ಜಿಲ್ಲೆಗೆ ಹತ್ತಿರದ ಪಾವಗಡದ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದಕ್ಕೆ 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಇಂಥ ಕೈಗಳಲ್ಲಿ ಎಷ್ಟೋ ಹೆರಿಗೆಗಳು ಸುಖವಾಗಿ ಆದವು. ಆದರೆ ಎಂಥ ನುರಿತ ಕೈಗೂ ಮೀರಿದ್ದು ಒಂದಿದೆ.

ನನ್ನ ನಾನಿಯ ಅಕ್ಕ ಹೋದದ್ದು ಅದರಲ್ಲೇ. ನಾನಿ ಈ ಕಥೆಯನ್ನು ಯಾವಾಗಲೂ ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಮಗು ಅಡ್ಡ ಬಿದ್ದಿತ್ತು, ಕೈ ಮುಂದಾಗಿ ಬಂದಿತ್ತು. ಸೂಲಗಿತ್ತಿ ಒಂದು ಹಗಲು ಒಂದು ರಾತ್ರಿ ಪ್ರಯತ್ನಪಟ್ಟು ಕೊನೆಗೆ "ನನ್ನ ಕೈಲಿ ಇಲ್ಲ ತಾಯಿ, ಆಸ್ಪತ್ರೆಗೆ ಒಯ್ಯಿರಿ" ಎಂದು ಅಳುತ್ತ ಹೇಳಿದಳಂತೆ. ಎತ್ತಿನ ಗಾಡಿ ಕಟ್ಟಿದರು. ಗಾಡಿ ಹೊಳಲ್ಕೆರೆ ಮುಟ್ಟುವ ಮೊದಲೇ ತಿರುಗಿಸಬೇಕಾಯಿತು. ಮಗು ಅಡ್ಡವಾಗಿ ಕೈ ಹೊರಬಂದಿದ್ದರೆ ಇಂದು ಯಾವ ವೈದ್ಯರೂ ಎರಡನೇ ಯೋಚನೆ ಮಾಡದೆ ಸಿಸೇರಿಯನ್ ಮಾಡುತ್ತಾರೆ. ಹಿಂದಿನ ಕಾಲದಲ್ಲಿ ಎಲ್ಲರಿಗೂ ನಾರ್ಮಲ್ ಹೆರಿಗೆಯೇ ಆಗುತ್ತಿತ್ತು, ಈಗಿನ ಹೆಣ್ಣುಮಕ್ಕಳಿಗೆ ತ್ರಾಣವಿಲ್ಲ ಎಂದು ಯಾರಾದರೂ ಹೇಳಿದಾಗ ನಾನಿ ಸುಮ್ಮನೆ ಎದ್ದು ಒಳಗೆ ಹೋಗುತ್ತಿದ್ದರು. ಆಗದವರು ಹೇಳಲು ಉಳಿದಿರಲಿಲ್ಲ, ಅಷ್ಟೇ.

ಇಪ್ಪತ್ತನೇ ಶತಮಾನದಲ್ಲಿ ಈ ಶಸ್ತ್ರಕ್ರಿಯೆ ನಿಜವಾಗಿ ಸುರಕ್ಷಿತವಾಯಿತು. ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಲಾಗಿ ಕೊಯ್ಯುವ ಕ್ರಮವನ್ನು ಗ್ಲಾಸ್ಗೋದ ಮನ್ರೋ ಕೆರ್ 1920ರ ದಶಕದಲ್ಲಿ ಬಳಕೆಗೆ ತಂದರು. ರಕ್ತ ಕೊಡುವ ವ್ಯವಸ್ಥೆ, 1940ರ ದಶಕದಲ್ಲಿ ಪೆನಿಸಿಲಿನ್ ಬಂದವು. ಇಲ್ಲಿ ಒಂದು ಸೂಕ್ಷ್ಮವಿದೆ. ಶಸ್ತ್ರಕ್ರಿಯೆಯಿಂದ ಸಾಯುವ ಭಯ ಕಡಿಮೆಯಾದಂತೆಲ್ಲ ಅದನ್ನು ಮಾಡಲು ಬೇಕಾದ ಕಾರಣವೂ ಹಗುರವಾಗುತ್ತ ಬಂತು. ಮೊದಲು ತಾಯಿಯ ಜೀವ ಹೋಗುವಂತಿದ್ದರೆ ಮಾತ್ರ. ಮಾಸು ಅಡ್ಡ ಬಂದು ರಕ್ತ ಹೋಗುವುದು, ರಕ್ತದೊತ್ತಡ ಏರಿ ಫಿಟ್ಸ್ ಬರುವುದು ಇಂಥವು. ಆಮೇಲೆ ಮಗುವಿನ ಜೀವ. 1960-70ರ ದಶಕಗಳಲ್ಲಿ ಮಗುವಿನ ಎದೆಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ತೋರಿಸುವ ಯಂತ್ರ ಬಂತು. ಗೆರೆ ಸ್ವಲ್ಪ ಇಳಿದರೂ ವೈದ್ಯರಿಗೆ ಗಾಬರಿ. ಕಾಲು ಮುಂದಾಗಿ ಬರುವ ಮಕ್ಕಳನ್ನು ಉಪಾಯವಾಗಿ ತಿರುಗಿಸಿ, ಜಾಣತನದಿಂದ ಹೊರತೆಗೆಯುವ ಹಳೆಯ ವಿದ್ಯೆಯೂ ಹಿಂದೆ ಬಿತ್ತು. ಅಂಥ ಮಕ್ಕಳಿಗೆ ಸಿಸೇರಿಯನ್ನೇ ಮೇಲು ಎಂದು 26 ದೇಶಗಳಲ್ಲಿ ನಡೆದ ಅಧ್ಯಯನವೊಂದು 2000ನೇ ಇಸವಿಯಲ್ಲಿ ಹೇಳಿದ ಮೇಲಂತೂ ಆ ವಿದ್ಯೆ ಕಲಿಯುವವರೇ ವಿರಳವಾದರು. ಅಮೆರಿಕದಲ್ಲಿ 1970ರಲ್ಲಿ ನೂರಕ್ಕೆ ಐದೂವರೆಯಷ್ಟಿದ್ದ ಸಿಸೇರಿಯನ್ 1980ರ ದಶಕದ ಕೊನೆಗೆ ನೂರಕ್ಕೆ 25ರ ಹತ್ತಿರ ಬಂತು. ಅಲ್ಲಿನ ಸರ್ಕಾರ 1980ರಲ್ಲಿ ತಜ್ಞರನ್ನು ಕೂರಿಸಿ ಕಾರಣ ಕೇಳಿದಾಗ ಮುಖ್ಯವಾಗಿ ನಾಲ್ಕು ಹೊರಬಂದವು: ಹೆರಿಗೆ ಮುಂದುವರಿಯದಿರುವುದು, ಹಿಂದಿನ ಸಿಸೇರಿಯನ್, ಮಗುವಿನ ಎದೆಬಡಿತದ ಏರುಪೇರು, ಕಾಲು ಮುಂದಾಗುವುದು.

ಇವುಗಳಲ್ಲಿ ಎರಡನೆಯದನ್ನು ನೋಡಿ. ಉಳಿದ ಮೂರೂ ಹೆರಿಗೆಯ ಹೊತ್ತಿನ ತೊಂದರೆಗಳು. ಇದೊಂದು ಮಾತ್ರ ಹಳೆಯ ಶಸ್ತ್ರಕ್ರಿಯೆ ತಾನೇ ಹುಟ್ಟಿಸಿದ ಕಾರಣ. 1916ರಲ್ಲಿ ನ್ಯೂಯಾರ್ಕಿನ ಎಡ್ವಿನ್ ಕ್ರ್ಯಾಗಿನ್ ಎಂಬ ವೈದ್ಯರು, ಒಮ್ಮೆ ಸಿಸೇರಿಯನ್ ಆದರೆ ಯಾವಾಗಲೂ ಸಿಸೇರಿಯನ್ನೇ ಎಂಬರ್ಥದ ಮಾತು ಆಡಿದರು. ಮೊದಲ ಶಸ್ತ್ರಕ್ರಿಯೆಗೆ ಅವಸರಪಡಬೇಡಿ ಎಂದು ಎಚ್ಚರಿಸುವುದು ಅವರ ಉದ್ದೇಶವಾಗಿತ್ತು. ಜಗತ್ತು ಎಚ್ಚರಿಕೆಯನ್ನು ಮರೆತು ಮಾತನ್ನು ಮಾತ್ರ ನಿಯಮವಾಗಿ ಇಟ್ಟುಕೊಂಡಿತು. ಕೆಳಭಾಗದಲ್ಲಿ ಅಡ್ಡ ಕೊಯ್ದ ಹೊಲಿಗೆ ಇದ್ದವರು ಎರಡನೇ ಸಲ ಸಹಜ ಹೆರಿಗೆಗೆ ಪ್ರಯತ್ನಿಸಿದರೆ ನೂರರಲ್ಲಿ 60ರಿಂದ 80 ಮಂದಿಗೆ ಆಗುತ್ತದೆ. ಹಳೆಯ ಹೊಲಿಗೆ ಬಿಚ್ಚಿಕೊಳ್ಳುವ ಅಪಾಯ ಇನ್ನೂರರಲ್ಲಿ ಒಬ್ಬರ ಆಸುಪಾಸು. ಆದರೆ ಆ ಒಬ್ಬರಿಗೆ ತಕ್ಷಣ ಆಪರೇಷನ್ ಕೋಣೆ, ಅರಿವಳಿಕೆಯ ವೈದ್ಯರು, ರಕ್ತ ಮೂರೂ ಸಿದ್ಧವಿರಬೇಕು. ರಾತ್ರಿ ಎರಡು ಗಂಟೆಗೆ ಈ ಮೂರೂ ಒಟ್ಟಿಗೆ ಸಿಗುವ ಊರುಗಳು ಎಷ್ಟಿವೆ? ಆದುದರಿಂದ ಹಗಲು ಹೊತ್ತಿನಲ್ಲೇ ಇನ್ನೊಂದು ಸಿಸೇರಿಯನ್.

ಈಗ ನಮ್ಮ ದೇಶದ ಲೆಕ್ಕ ನೋಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಭಾರತದಲ್ಲಿ ಸಿಸೇರಿಯನ್ ಹೆರಿಗೆಗಳು 2005-06ರಲ್ಲಿ ನೂರಕ್ಕೆ 8.5, 2015-16ರಲ್ಲಿ 17.2, 2019-21ರಲ್ಲಿ 21.5. ಕರ್ನಾಟಕದಲ್ಲಿ 2015-16ರಲ್ಲಿ 23.6 ಇದ್ದದ್ದು 2019-21ಕ್ಕೆ 31.5 ಆಯಿತು. ಅಂದರೆ ಮೂರರಲ್ಲಿ ಒಂದಕ್ಕೆ ಹತ್ತಿರ. ಅದೇ ಕೊನೆಯ ಸಮೀಕ್ಷೆಯಲ್ಲಿ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ನೂರಕ್ಕೆ 14.3, ಖಾಸಗಿಯಲ್ಲಿ 47.4. ಹೆಣ್ಣಿನ ಸೊಂಟದ ಅಳತೆ ರಸ್ತೆಯ ಈ ಬದಿಯ ಆಸ್ಪತ್ರೆಗೂ ಆ ಬದಿಯ ಆಸ್ಪತ್ರೆಗೂ ಬದಲಾಗುವುದಿಲ್ಲವಲ್ಲ!

ಹಾಗೆಂದು ಎಲ್ಲವನ್ನೂ ದುಡ್ಡಿನ ಲೆಕ್ಕಕ್ಕೇ ಹಾಕಿದರೆ ಅನ್ಯಾಯವಾಗುತ್ತದೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ, ನಂತರ ಆಶಾ ಕಾರ್ಯಕರ್ತೆಯರು, 2008ರಲ್ಲಿ 108 ಆಂಬುಲೆನ್ಸ್, 2011ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಕೂಡ ಉಚಿತ. ಇವೆಲ್ಲ ಬಂದ ಮೇಲೆ ನಮ್ಮ ಹೆಂಗಸರು ಆಸ್ಪತ್ರೆ ಮುಟ್ಟಿದರು. ಕರ್ನಾಟಕದಲ್ಲಿ 2004-06ರಲ್ಲಿ ಒಂದು ಲಕ್ಷ ಹೆರಿಗೆಗೆ 213 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಅದು 69ಕ್ಕೆ ಇಳಿಯಿತು. ಇದರಲ್ಲಿ ಸಕಾಲದ ಸಿಸೇರಿಯನ್ನಿನ ಪಾಲೂ ಇದೆ. 1990ರ ದಶಕದಲ್ಲಿ ನಮ್ಮ ದೇಶದಲ್ಲಿ ಸಿಸೇರಿಯನ್ ತೀರ ಕಡಿಮೆ ಇತ್ತೆಂದು ಹೆಮ್ಮೆಪಡುವ ಹಾಗಿಲ್ಲ. ಆ ಕಡಿಮೆ ಲೆಕ್ಕದೊಳಗೆ ದಾರಿಯಿಂದ ತಿರುಗಿದ ಗಾಡಿಗಳೂ ಇವೆ.

ನೂರಕ್ಕೆ 10ರಿಂದ 15ಕ್ಕಿಂತ ಹೆಚ್ಚು ಸಿಸೇರಿಯನ್‌ಗೆ ಸಮರ್ಥನೆ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಭೆ 1985ರಲ್ಲಿ ಹೇಳಿತ್ತು. 2015ರಲ್ಲಿ ಆ ಸಂಸ್ಥೆ ಮಾತನ್ನು ತಿದ್ದಿ, ಅಂಕಿಯ ಹಿಂದೆ ಬೀಳುವುದಕ್ಕಿಂತ ಅಗತ್ಯವಿದ್ದ ಪ್ರತಿ ಹೆಂಗಸಿಗೂ ಅದು ಸಿಗುವಂತೆ ನೋಡಿಕೊಳ್ಳಿ ಎಂದಿತು. ಜೊತೆಗೆ ಪ್ರತಿ ಆಸ್ಪತ್ರೆಯೂ ಹೆರಿಗೆಗಳನ್ನು ಹತ್ತು ಗುಂಪುಗಳಾಗಿ ವಿಂಗಡಿಸಿ ಯಾರಿಗೆ ಸಿಸೇರಿಯನ್ ಆಗುತ್ತಿದೆ ಎಂದು ನೋಡಿಕೊಳ್ಳಲಿ ಎಂದು ಹೇಳಿತು. ಎಷ್ಟು ಎಂಬ ಪ್ರಶ್ನೆಯ ಜಾಗಕ್ಕೆ ಯಾರಿಗೆ, ಏಕೆ ಎಂಬ ಪ್ರಶ್ನೆ ಬಂತು. ನನಗೂ ಇದೇ ಸರಿಯೆನಿಸುತ್ತದೆ.

ಇತ್ತೀಚಿನ ಕಾರಣಗಳಲ್ಲಿ ಕೆಲವು ವೈದ್ಯಕೀಯವೇ: ತಡವಾದ ಮದುವೆ, ಸಕ್ಕರೆ ಕಾಯಿಲೆ, ಬಿ.ಪಿ., ಅವಳಿ ಮಕ್ಕಳು. ಇನ್ನು ಕೆಲವು ಮನೆಯವು. ನೋವು ತಿನ್ನುವ ಭಯ, ಒಳ್ಳೆಯ ದಿನ ನೋಡಿ ಹೆರಿಗೆ ಮಾಡಿಸುವ ಚಪಲ, ಸಂತಾನ ನಿಯಂತ್ರಣದ ಆಪರೇಷನ್ನೂ ಒಟ್ಟಿಗೇ ಮುಗಿಯಲಿ ಎಂಬ ಲೆಕ್ಕಾಚಾರ. ಮತ್ತೆ ಕೆಲವು ವೈದ್ಯರವು. 1995ರಲ್ಲಿ ಸುಪ್ರೀಂ ಕೋರ್ಟ್ ವೈದ್ಯರ ಸೇವೆಯನ್ನೂ ಗ್ರಾಹಕ ರಕ್ಷಣಾ ಕಾಯಿದೆಯ ವ್ಯಾಪ್ತಿಗೆ ತಂದಿತು. ಕಾದು ಮಗುವಿಗೆ ಏನಾದರೂ ಆದರೆ ಕೇಸು, ಕೊಯ್ದದ್ದಕ್ಕೆ ಕೇಸು ಹಾಕುವವರು ವಿರಳ. ನಾವು ಕೂಡ ಆಸ್ಪತ್ರೆಯ ಬಾಗಿಲಲ್ಲಿ ಹತ್ತು ಜನ ನಿಂತು "ಇನ್ನೂ ಏಕೆ ಕಾಯಿಸ್ತೀರಿ" ಎಂದು ಜಗಳ ತೆಗೆಯುತ್ತೇವೆ. ಕರುಳು ಸುತ್ತಿಕೊಂಡಿತ್ತು ಎಂಬ ಮಾತೂ ಹಾಗೆಯೇ. ಹುಟ್ಟುವ ನಾಲ್ಕೈದು ಮಕ್ಕಳಲ್ಲಿ ಒಂದಕ್ಕೆ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿರುತ್ತದೆ, ಬಹುಪಾಲು ತೊಂದರೆಯಿಲ್ಲದೆ ಹುಟ್ಟುತ್ತವೆ. ಹಿಂದಿನವರಿಗೆ ಸ್ಕ್ಯಾನಿಂಗ್ ಇಲ್ಲದ್ದರಿಂದ ಅದು ಮೊದಲೇ ತಿಳಿಯುತ್ತಿರಲಿಲ್ಲ, ಭಯವೂ ಇರಲಿಲ್ಲ.

ಈಗ ನನ್ನ ವಿಷಯ. 2014ರಲ್ಲಿ ಮೊದಲ ಮಗುವಿಗೆ ದಿನ ತುಂಬಿದಾಗ ಒಂದು ನರ್ಸಿಂಗ್ ಹೋಂಗೆ ಸೇರಿದ್ದೆ. ನೋವು ಇನ್ನೂ ಶುರುವಾಗಿರಲಿಲ್ಲ. ಮಗು ದೊಡ್ಡದಿದೆ, ರಿಸ್ಕ್ ಬೇಡ ಎಂದರು. ಕಾಗದ ಮುಂದಿಟ್ಟರು, ಮಕ್ಕಳಿಗೆ ಓದದೆ ಯಾವುದಕ್ಕೂ ಸಹಿ ಹಾಕಬೇಡಿ ಎಂದು ಹೇಳುವ ನಾನು ಓದದೆ ಸಹಿ ಹಾಕಿದೆ. ಮಗು ಚೆನ್ನಾಗಿತ್ತು, ಅಲ್‌ಹಮ್ದುಲಿಲ್ಲಾಹ್, ಯಾರೂ ಏನೂ ಕೇಳಲಿಲ್ಲ. ನಾಲ್ಕು ವರ್ಷದ ನಂತರ ಇನ್ನೊಂದು ಆಸ್ಪತ್ರೆಯ ವೈದ್ಯೆ "ಮೊದಲನೆಯದು ಏಕೆ ಆಯ್ತಮ್ಮ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಹಳೆಯ ಚೀಟಿ ಹುಡುಕಿ ಕೊಟ್ಟೆ. ಅದರಲ್ಲಿ ಸಿ.ಪಿ.ಡಿ. ಎಂಬ ಮೂರಕ್ಷರ ಇತ್ತು. ಮಗುವಿನ ತಲೆಗೂ ತಾಯಿಯ ಸೊಂಟದ ದಾರಿಗೂ ಅಳತೆ ಹೊಂದುವುದಿಲ್ಲ ಎಂದು ಅದರ ಅರ್ಥವಂತೆ. ಗ್ಲಾಸ್ಗೋದ ಆ ಕುಳ್ಳ ಹೆಂಗಸಿಗೆ 1888ರಲ್ಲಿ ಇದ್ದ ಕಾರಣವೇ! ಸಾಮಾನ್ಯವಾಗಿ ನೋವು ಬಂದು, ಕಾದು ನೋಡಿದ ಮೇಲೆಯೇ ಇದನ್ನು ಖಚಿತವಾಗಿ ಹೇಳಲು ಬರುತ್ತದೆ ಎಂದು ವೈದ್ಯೆ ವಿವರಿಸಿದರು. ನನಗೆ ನೋವೇ ಬಂದಿರಲಿಲ್ಲ. ಆದರೂ ಮೊದಲ ವೈದ್ಯರು ತಪ್ಪು ಮಾಡಿದರೆಂದು ನಾನು ಹೇಳಲಾರೆ. ಅವರು ಕಂಡದ್ದು ಏನೋ, ಇನ್ನು ಯಾರೂ ಹೇಳಲಾರರು. ಎರಡನೆಯ ಹೆರಿಗೆಯ ಚೀಟಿಯಲ್ಲಿ ಕಾರಣದ ಜಾಗದಲ್ಲಿ ಹಿಂದಿನ ಸಿಸೇರಿಯನ್ ಎಂದಷ್ಟೇ ಇದೆ. ಸಿಸೇರಿಯನ್ ಹೆಚ್ಚಾದಂತೆಲ್ಲ ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯದೊಳಗೆ ಬೇರು ಬಿಟ್ಟು ಪ್ರಾಣಕ್ಕೆ ಬರುವ ಅಪಾಯ ಏರುತ್ತದೆಂದು ಆಮೇಲೆ ಓದಿ ತಿಳಿದೆ. ಅದನ್ನು ಮೊದಲ ಕಾಗದಕ್ಕೆ ಸಹಿ ಹಾಕುವಾಗ ತಿಳಿದಿರಬೇಕಾಗಿತ್ತು.

ಇದು ಸಣ್ಣ ಶಸ್ತ್ರಕ್ರಿಯೆ ಅಲ್ಲವೆಂಬುದನ್ನು ನಮ್ಮ ನೆರೆಯ ಜಿಲ್ಲೆಯೇ ನೆನಪಿಸಿತು. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐದು ಬಾಣಂತಿಯರು ತೀರಿಕೊಂಡರು. ಅವರಿಗೆ ಹಾಕಿದ ಸಲೈನ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂದು ಸರ್ಕಾರ ಅದರ ಬಳಕೆ ನಿಲ್ಲಿಸಿ ತನಿಖೆಗೆ ಆದೇಶಿಸಿತು. ಆ ಸುದ್ದಿ ಬಂದ ವಾರ ನಮ್ಮ ಶಾಲೆಯ ತಾಯಂದಿರ ಸಭೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಈ ವರ್ಷ ಅದೇ ಮನೆಗೆಲಸಕ್ಕೆ ನಾಲ್ಕನೆಯ ಕಾಲಂ ಸೇರಿಸಿದೆ: ಏಕೆ? ಮರುದಿನವೇ ಒಬ್ಬ ತಾಯಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಹಳೆಯ ಡಿಸ್ಚಾರ್ಜ್ ಚೀಟಿ ಹಿಡಿದು ಶಾಲೆಗೆ ಬಂದರು. ದುಡ್ಡಿಗಾಗಿ ತನ್ನನ್ನು ಕೊಯ್ದರೆಂದು ಹನ್ನೆರಡು ವರ್ಷದಿಂದ ಆ ಆಸ್ಪತ್ರೆಯನ್ನು ಶಪಿಸುತ್ತ ಬಂದವರು ಅವರು. "ಮಗಳು ಕೇಳ್ತಾಳೆ, ಇದರಲ್ಲಿ ಏನು ಬರೆದಿದೆ ಓದಿ ಹೇಳಿ ಟೀಚರ್" ಎಂದರು. ಮಸುಕಾದ ಇಂಗ್ಲಿಷ್ ಅಕ್ಷರಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. ಮಗು ಅಡ್ಡವಾಗಿತ್ತು, ಕೈ ಮುಂದಾಗಿತ್ತು ಎಂದಿತ್ತು. ಹೇಳಿದೆ. ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಹಂಗಾದ್ರೆ ಸುಮ್ಮನೆ ಕೊಯ್ದಿಲ್ಲ" ಎಂದು ಚೀಟಿಯನ್ನು ಮತ್ತೆ ಕವರಿನಲ್ಲಿ ಸುತ್ತಿಟ್ಟುಕೊಂಡು ಮಗಳ ತರಗತಿಯ ಕಡೆ ಹೋದರು.